ಭೌತಶಾಸ್ತ್ರ–ತತ್ತ್ವಶಾಸ್ತ್ರ ಜಂಟಿ ಪದವಿ: ಹೊಲಿಗೆ ಎಲ್ಲಿದೆ ಅಂತ ನೋಡಿ ಸೇರಿ

ಭೌತಶಾಸ್ತ್ರ, ತತ್ತ್ವಶಾಸ್ತ್ರ ಎರಡನ್ನೂ ಒಟ್ಟಿಗೆ ಕಲಿಸುವ ಪದವಿಯ ಪಠ್ಯಕ್ರಮ ಕೈಗೆ ಸಿಕ್ಕಿದರೆ ಮೊದಲು ಹುಡುಕಬೇಕಾದ ಪತ್ರಿಕೆ ಒಂದೇ: ‘ಭೌತಶಾಸ್ತ್ರದ ತತ್ತ್ವಶಾಸ್ತ್ರ’. ಅದು ಕಡ್ಡಾಯವೇ? ಎಷ್ಟು ವರ್ಷ ಇದೆ? ಪಾಠ ಮಾಡುವವರಿಗೆ ಎರಡೂ ಕಡೆಯ ಹಿಡಿತ ಇದೆಯೇ? ಈ ಮೂರಕ್ಕೂ ಒಳ್ಳೆಯ ಉತ್ತರ ಸಿಕ್ಕರೆ ಧೈರ್ಯವಾಗಿ ಸೇರಬಹುದು. ಯೋಚನೆಯನ್ನು ಇಷ್ಟು ಹದವಾಗಿ ಸಾಣೆ ಹಿಡಿಯುವ ಓದು ಹೆಚ್ಚಿಲ್ಲ. ಸಿಗದಿದ್ದರೆ ಅದು ಎರಡು ಅರ್ಧ ಪದವಿಗಳನ್ನು ಒಂದೇ ಹೆಸರಿನಡಿ ಕಟ್ಟಿಕೊಟ್ಟದ್ದು ಮಾತ್ರ. ಬೆಳಿಗ್ಗೆ ಒಂದು ಕಟ್ಟಡದಲ್ಲಿ ಕ್ವಾಂಟಂ ಮೆಕ್ಯಾನಿಕ್ಸ್, ಮಧ್ಯಾಹ್ನ ಇನ್ನೊಂದು ಕಟ್ಟಡದಲ್ಲಿ ಡೆಕಾರ್ಟ್. ನಡುವೆ ಸಂಬಂಧ ಕಟ್ಟುವ ಕೆಲಸ ಪೂರ್ತಿ ವಿದ್ಯಾರ್ಥಿಯ ತಲೆಗೇ.

ಈ ಹೆಸರಿನ ಪದವಿ ಆಕ್ಸ್‌ಫರ್ಡ್, ಬ್ರಿಸ್ಟಲ್, ಲಂಡನ್ನಿನ ಕಿಂಗ್ಸ್ ಕಾಲೇಜಿನಂಥ ಕಡೆಗಳಲ್ಲಿದೆ. ಬೇರೆ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಹೆಸರಿಲ್ಲದಿದ್ದರೂ ಎರಡು ಮೇಜರ್ ತೆಗೆದುಕೊಂಡು ಅದೇ ಓದನ್ನು ಕಟ್ಟಿಕೊಳ್ಳಬಹುದು. ಕೆಲವು ಕಡೆ ಮೂರು ವರ್ಷ, ಕೆಲವು ಕಡೆ ಮಾಸ್ಟರ್ಸ್ ಮಟ್ಟದವರೆಗೆ ಹೋಗುವ ನಾಲ್ಕು ವರ್ಷ. ಮುಂದೆ ಹೇಳುವುದು ಯಾವುದೋ ಒಂದು ವಿಶ್ವವಿದ್ಯಾಲಯದ ವಿಮರ್ಶೆಯಲ್ಲ, ಈ ಬಗೆಯ ಪದವಿಯದು.

ಮೊದಲು ತಿಳಿಯಬೇಕಾದ್ದು ಏನು ಕೈಬಿಟ್ಟಿದ್ದಾರೆ ಅನ್ನುವುದು. ದಿನಕ್ಕೆ ಇಪ್ಪತ್ತನಾಲ್ಕೇ ಗಂಟೆ. ಅರ್ಧ ತತ್ತ್ವಶಾಸ್ತ್ರ ಒಳಗೆ ಬಂದರೆ ಅಷ್ಟು ಭೌತಶಾಸ್ತ್ರ ಹೊರಗೆ ಹೋಗಲೇಬೇಕು. ಸಾಮಾನ್ಯವಾಗಿ ಮೊದಲು ಕತ್ತರಿ ಬೀಳುವುದು ಲ್ಯಾಬ್‌ಗೆ. ಆಮೇಲೆ ದ್ಯುತಿಶಾಸ್ತ್ರ, ಘನವಸ್ತುಗಳ ಭೌತಶಾಸ್ತ್ರ, ಖಭೌತಶಾಸ್ತ್ರ, ಎಲೆಕ್ಟ್ರಾನಿಕ್ಸ್. ಉಳಿಯುವುದು ತಿರುಳು: ಚಲನಶಾಸ್ತ್ರ, ವಿದ್ಯುತ್ಕಾಂತತೆ, ವಿಶೇಷ ಸಾಪೇಕ್ಷತೆ, ಕ್ವಾಂಟಂ ಮೆಕ್ಯಾನಿಕ್ಸ್, ಉಷ್ಣ ಮತ್ತು ಸಂಖ್ಯಾತ್ಮಕ ಭೌತಶಾಸ್ತ್ರ. ಗಣಿತಕ್ಕೆ ಮಾತ್ರ ಎಲ್ಲೂ ರಿಯಾಯಿತಿ ಇಲ್ಲ, ಇರಲೂಬಾರದು. ರೇಖೀಯ ಬೀಜಗಣಿತ, ಅವಕಲ ಸಮೀಕರಣ, ವೆಕ್ಟರ್ ಕಲನ, ಫೋರಿಯರ್ ವಿಶ್ಲೇಷಣೆ ಇವು ಪೂರ್ಣ ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಎಷ್ಟೋ ಇಲ್ಲಿಯೂ ಅಷ್ಟೇ. ತತ್ತ್ವಶಾಸ್ತ್ರ ಇದೆ, ಗಣಿತ ಸ್ವಲ್ಪ ಹಗುರ ಇರಬಹುದು ಎಂದುಕೊಂಡು ಬಂದವರು ಸಾಮಾನ್ಯವಾಗಿ ಎರಡನೇ ವರ್ಷ ಸಿಕ್ಕಿಬೀಳುತ್ತಾರೆ. ಆ ವರ್ಷವೇ ಕ್ವಾಂಟಂ ಬರುತ್ತದೆ. ಐಗನ್‌ವೆಕ್ಟರ್ ಎಂದರೇನು ಎಂದು ಕೈಯಲ್ಲಿ ಬಿಡಿಸಿ ಗೊತ್ತಿಲ್ಲದವರಿಗೆ ‘ಅಳತೆಯ ಸಮಸ್ಯೆ’ (ಸಮೀಕರಣದಲ್ಲಿ ಹಲವು ಸಾಧ್ಯತೆಗಳು ಒಟ್ಟಿಗೆ ಇದ್ದರೂ ಅಳೆದಾಗ ಒಂದೇ ಏಕೆ ಕಾಣುತ್ತದೆ ಎಂಬುದು) ಏನೆಂಬುದೇ ಅರ್ಥವಾಗುವುದಿಲ್ಲ. ಶ್ರೋಡಿಂಗರ್ ಹೇಳಿದ, ಒಟ್ಟಿಗೇ ಬದುಕಿಯೂ ಸತ್ತೂ ಇರುವ ಬೆಕ್ಕಿನ ಕತೆ ಅರ್ಥವಾದರೆ ಸಮಸ್ಯೆ ಅರ್ಥವಾದಂತಲ್ಲ.

ಮೊದಲ ವರ್ಷದ ತತ್ತ್ವಶಾಸ್ತ್ರದಲ್ಲಿ ಎರಡು ಭಾಗ ತೂಕದವು. ಒಂದು ತರ್ಕಶಾಸ್ತ್ರ. ಚಿಹ್ನೆಗಳಲ್ಲಿ ವಾದ ಬರೆದು, ಯಾವ ಆಧಾರವಾಕ್ಯದಿಂದ ಯಾವ ತೀರ್ಮಾನ ಹೊರಡುತ್ತದೆ ಎಂದು ಸಾಲುಸಾಲಾಗಿ ತೋರಿಸುವ ಕೆಲಸ. ಭೌತಶಾಸ್ತ್ರದ ಕಡೆಯಿಂದ ಬಂದವರಿಗೆ ಇದು ಸಲೀಸು. ವಾರಕ್ಕೆ ಒಂದು ಪ್ರಾಬ್ಲಂ ಶೀಟ್ ಬಿಡಿಸಿದರೆ ಅಂಕ ಬರುತ್ತದೆ. ಹಾಗೆ ಸಲೀಸಾಗುವುದರಿಂದಲೇ ಎಡವುವುದೂ ಉಂಟು: ಶೀಟ್‌ನಲ್ಲಿ ಕಲಿತದ್ದನ್ನು ಪ್ರಬಂಧದಲ್ಲಿ ಬಳಸುವುದೇ ಇಲ್ಲ. ‘ಎಲ್ಲದಕ್ಕೂ ಒಂದು ಕಾರಣ ಇದೆ’ ಅನ್ನುವುದಕ್ಕೂ ‘ಎಲ್ಲದಕ್ಕೂ ಕಾರಣವಾದ ಒಂದು ಇದೆ’ ಅನ್ನುವುದಕ್ಕೂ ಇರುವ ವ್ಯತ್ಯಾಸ ಪರಿಮಾಣಕಗಳನ್ನು (‘ಎಲ್ಲ’, ‘ಒಂದು ಇದೆ’ ಎಂಬುದರ ಚಿಹ್ನೆಗಳನ್ನು) ಯಾವ ಕ್ರಮದಲ್ಲಿ ಬರೆಯುತ್ತೀರಿ ಎಂಬುದರಲ್ಲಿದೆ. ಶೀಟ್‌ನಲ್ಲಿ ಇದನ್ನು ಸರಿಯಾಗಿ ಬರೆದವರೇ ಪ್ರಬಂಧದಲ್ಲಿ ಒಂದರಿಂದ ಇನ್ನೊಂದಕ್ಕೆ ಸದ್ದಿಲ್ಲದೆ ಜಾರಿಬಿಡುತ್ತಾರೆ.

ಇನ್ನೊಂದು, ತತ್ತ್ವಜ್ಞಾನಿಗಳಾದ ಲೈಬ್ನಿಟ್ಸ್ ಮತ್ತು ಕ್ಲಾರ್ಕ್ 1715–16ರಲ್ಲಿ ಬರೆದುಕೊಂಡ ಪತ್ರಗಳು. ಕ್ಲಾರ್ಕ್ ಮಾತಾಡಿದ್ದು ನ್ಯೂಟನ್ ಪರವಾಗಿ. ಒಬ್ಬೊಬ್ಬರದು ಐದೈದು ಪತ್ರ. 1716ರಲ್ಲಿ ಲೈಬ್ನಿಟ್ಸ್ ತೀರಿಕೊಂಡಾಗ ಅದು ನಿಂತಿತು. ಈ ಪದವಿಯ ಬಾಗಿಲಿಗೆ ಇದಕ್ಕಿಂತ ಒಳ್ಳೆಯ ಹೊಸ್ತಿಲಿಲ್ಲ. ಬೇಕಾಗುವ ಭೌತಶಾಸ್ತ್ರ ಶಾಲೆಯಲ್ಲಿ ಕಲಿತದ್ದೇ, ಆದರೆ ಪ್ರಶ್ನೆ ಆಳದ್ದು. ಇಡೀ ವಿಶ್ವವನ್ನು ಇದ್ದ ಹಾಗೆಯೇ ನಾಲ್ಕು ಮಾರು ಆಚೆ ಸರಿಸಿದರೆ ಏನಾದರೂ ಬದಲಾಯಿತೇ? ಏನೂ ಬದಲಾಗಲಿಲ್ಲ, ಹಾಗಾಗಿ ‘ಆಕಾಶ’ (ಸ್ಪೇಸ್, ವಸ್ತುಗಳಿರುವ ಜಾಗ) ಎಂಬ ಬೇರೆ ವಸ್ತುವೇ ಇಲ್ಲ, ಇರುವುದು ವಸ್ತುಗಳ ನಡುವಿನ ಸಂಬಂಧ ಮಾತ್ರ ಎನ್ನುತ್ತಾನೆ ಲೈಬ್ನಿಟ್ಸ್. ನ್ಯೂಟನ್ನನ ಕಡೆಯ ಉತ್ತರ ಒಂದು ಬಕೆಟ್. ಹಗ್ಗಕ್ಕೆ ತೂಗುಹಾಕಿ, ಹಗ್ಗ ಹುರಿಗಟ್ಟುವವರೆಗೆ ತಿರುಗಿಸಿ, ನೀರು ತುಂಬಿ ಬಿಡಿ. ಮೊದಲು ಬಕೆಟ್ ತಿರುಗುತ್ತದೆ, ನೀರು ನಿಂತಿರುತ್ತದೆ, ಮೇಲ್ಮೈ ಸಪಾಟು. ಆಮೇಲೆ ನೀರೂ ಅದೇ ವೇಗಕ್ಕೆ ಬರುತ್ತದೆ, ಮೇಲ್ಮೈ ನಡುವೆ ತಗ್ಗಿ ಅಂಚಿನಲ್ಲಿ ಏರುತ್ತದೆ. ಬಕೆಟ್ಟನ್ನು ಗಕ್ಕನೆ ಹಿಡಿದು ನಿಲ್ಲಿಸಿದರೂ ನೀರಿನ ತಗ್ಗು ಹಾಗೇ ಇರುತ್ತದೆ. ಬಕೆಟ್ಟಿಗೂ ನೀರಿಗೂ ನಡುವಿನ ಸಾಪೇಕ್ಷ ಚಲನೆ ಮೊದಲ ಹಂತದಲ್ಲಿ ಪೂರ್ತಿ, ಎರಡನೆಯದರಲ್ಲಿ ಸೊನ್ನೆ, ಮೂರನೆಯದರಲ್ಲಿ ಮತ್ತೆ ಪೂರ್ತಿ. ಮೇಲ್ಮೈ ಆಕಾರ ಇದನ್ನು ಅನುಸರಿಸುವುದಿಲ್ಲ. ಹಾಗಾದರೆ ನೀರು ತಿರುಗುತ್ತಿರುವುದು ಯಾವುದಕ್ಕೆ ಹೋಲಿಸಿದರೆ?

ಇಲ್ಲಿ ಪ್ರಬಂಧ ಕೆಡುವುದು ಹೆಚ್ಚಾಗಿ ಒಂದೇ ಕಡೆ. ಬಕೆಟ್ ಗೆದ್ದಿತು, ಆದ್ದರಿಂದ ನಿರಪೇಕ್ಷ ಆಕಾಶ ಇದೆ ಎಂದು ಮುಗಿಸಿಬಿಡುತ್ತಾರೆ. ಬಕೆಟ್ ತೋರಿಸುವುದು ವೇಗೋತ್ಕರ್ಷಕ್ಕೆ ನಿರಪೇಕ್ಷ ಅರ್ಥ ಬೇಕು ಎಂಬುದನ್ನಷ್ಟೇ. ನಿರಪೇಕ್ಷ ವೇಗವನ್ನು ನ್ಯೂಟನ್ನನ ನಿಯಮಗಳಿಂದಲೇ ಪತ್ತೆಹಚ್ಚಲಾಗುವುದಿಲ್ಲ. ಸಮವೇಗದ ಹಡಗಿನೊಳಗೆ ಯಾವ ಪ್ರಯೋಗ ಮಾಡಿದರೂ ಹಡಗು ನಿಂತಿದೆಯೋ ಹೋಗುತ್ತಿದೆಯೋ ತಿಳಿಯದು. ಆಕಾಶದಲ್ಲಿ ಒಂದು ಬಿಂದು ಕಾಲದುದ್ದಕ್ಕೂ ‘ಅದೇ ಬಿಂದು’ವಾಗಿ ಉಳಿಯುತ್ತದೆ ಎಂಬ ಊಹೆಯನ್ನು ಬಿಟ್ಟು, ನೇರ ಪಥ ಯಾವುದು ಬಾಗಿದ ಪಥ ಯಾವುದು ಎಂಬ ಭೇದವನ್ನು ಮಾತ್ರ ಉಳಿಸಿಕೊಂಡರೆ ವೇಗ ಸಾಪೇಕ್ಷ, ವೇಗೋತ್ಕರ್ಷ ನಿರಪೇಕ್ಷ ಎಂಬ ಚೌಕಟ್ಟು ಸಿಗುತ್ತದೆ. ಪತ್ರ ಬರೆದುಕೊಂಡ ಇಬ್ಬರ ಕೈಯಲ್ಲೂ ಈ ಮೂರನೇ ದಾರಿ ಇರಲಿಲ್ಲ. ಇದನ್ನು ಮೊದಲ ವರ್ಷವೇ ಕಾಣಿಸುವ ಮೇಷ್ಟ್ರು ಸಿಕ್ಕರೆ ಪದವಿಯ ಹೊಲಿಗೆ ಗಟ್ಟಿ ಇದೆ ಎಂದು ಗೊತ್ತಾಗುತ್ತದೆ.

ಎರಡನೇ, ಮೂರನೇ ವರ್ಷದ ಜೀವ ಕ್ವಾಂಟಂ ಮೆಕ್ಯಾನಿಕ್ಸ್‌ನ ತತ್ತ್ವಶಾಸ್ತ್ರದಲ್ಲಿದೆ. ದೂರದೂರದ ಎರಡು ಕಣಗಳ ಅಳತೆಗಳು ಎಷ್ಟು ಹೊಂದಬಹುದು ಎಂಬುದಕ್ಕೆ ಸಹಜ ಊಹೆಗಳು ಹಾಕುವ ಮಿತಿಯನ್ನು ಕ್ವಾಂಟಂ ಮೀರುತ್ತದೆ ಎಂದು ಭೌತವಿಜ್ಞಾನಿ ಬೆಲ್ 1964ರಲ್ಲಿ ತೋರಿಸಿದ್ದನ್ನು ಪೂರ್ಣ ಭೌತಶಾಸ್ತ್ರದ ವಿದ್ಯಾರ್ಥಿ ಒಂದೆರಡು ಉಪನ್ಯಾಸದಲ್ಲಿ ದಾಟಿಹೋಗಬಹುದು. ಇಲ್ಲಿ ಅದರ ಮೇಲೆ ವಾರಗಟ್ಟಲೆ ಕೂರುತ್ತೀರಿ, ಕೂರಬೇಕಾದ್ದೇ. 1969ರಲ್ಲಿ ಕ್ಲೌಸರ್, ಹಾರ್ನ್, ಶಿಮೊನಿ, ಹಾಲ್ಟ್ ಕೊಟ್ಟ ರೂಪದಲ್ಲಿ ಗಣಿತ ಅರ್ಧ ಪುಟದ್ದು. ಜೋಡಿಯ ಒಂದು ಕಣ ಎಡಕ್ಕೆ, ಇನ್ನೊಂದು ಬಲಕ್ಕೆ ಹೋಗುತ್ತದೆ. ಎಡಗಡೆಯ ಅಳತೆಗೆ ಅ1, ಅ2 ಎಂಬ ಎರಡು ಆಯ್ಕೆ, ಬಲಗಡೆಗೆ ಬ1, ಬ2. ಪ್ರತಿ ಫಲಿತಾಂಶ +1 ಅಥವಾ −1. ಈಗ ಅ1×(ಬ1+ಬ2) + ಅ2×(ಬ1−ಬ2) ಎಂಬುದನ್ನು ನೋಡಿ. ಬ1, ಬ2 ಒಂದೇ ಆಗಿದ್ದರೆ ಎರಡನೇ ಆವರಣ ಸೊನ್ನೆ. ಬೇರೆಯಾಗಿದ್ದರೆ ಮೊದಲನೆಯದು ಸೊನ್ನೆ. ಹೇಗಿದ್ದರೂ ಮೊತ್ತ +2 ಅಥವಾ −2. ಆದ್ದರಿಂದ ಸರಾಸರಿ 2ನ್ನು ಮೀರುವಂತಿಲ್ಲ. ಆದರೆ ಸಿಕ್ಕುಬಿದ್ದ (ಎಂಟ್ಯಾಂಗಲ್ಡ್, ಒಂದೇ ಜಂಟಿ ಸ್ಥಿತಿಯಲ್ಲಿರುವ) ಫೋಟಾನ್ ಜೋಡಿಯನ್ನು ತೆಗೆದುಕೊಂಡು, ಧ್ರುವೀಕರಣ ಅಳೆಯುವ ಕೋನಗಳಲ್ಲಿ ಅ2ನ್ನು 0 ಡಿಗ್ರಿಗೆ, ಬ1ನ್ನು 22.5ಕ್ಕೆ, ಅ1ನ್ನು 45ಕ್ಕೆ, ಬ2ನ್ನು 67.5ಕ್ಕೆ ಇಟ್ಟರೆ ಕ್ವಾಂಟಂ ಲೆಕ್ಕ ಕೊಡುವ ಉತ್ತರ 2√2, ಅಂದರೆ ಸುಮಾರು 2.83. ಪ್ರಯೋಗಗಳು ಕ್ವಾಂಟಂ ಪರ ನಿಂತಿವೆ. 1982ರಲ್ಲಿ ಆಸ್ಪೆ ತಂಡದ ಪ್ರಯೋಗ ಹೆಸರಾಯಿತು, ಬೇರೆ ವಿವರಣೆ ನುಸುಳಲು ಉಳಿದಿದ್ದ ಮುಖ್ಯ ಸಂದುಗಳನ್ನು ಒಂದೇ ಪ್ರಯೋಗದಲ್ಲಿ ಮುಚ್ಚಿದ ಪ್ರಯೋಗಗಳು 2015ರಲ್ಲಿ ಬಂದವು, 2022ರ ನೊಬೆಲ್ ಆಸ್ಪೆ, ಕ್ಲೌಸರ್, ಜೈಲಿಂಗರ್ ಅವರಿಗೆ ಸಂದಿತು.

ಲೆಕ್ಕ ಇಷ್ಟೇ. ಓದು ಶುರುವಾಗುವುದು ಇಲ್ಲಿಂದ ಆಚೆ. 2 ಎಂಬ ಮಿತಿ ಬರಲು ಏನೇನು ಊಹಿಸಿದೆವು? ಎಡಗಡೆಯ ಫಲಿತಾಂಶ ಬಲಗಡೆ ಏನನ್ನು ಅಳೆಯುತ್ತಾರೆ ಎಂಬುದನ್ನು ಅವಲಂಬಿಸಿಲ್ಲ ಎಂದು ಊಹಿಸಿದೆವು. ಅಳೆಯುವವರ ಆಯ್ಕೆಗೂ ಕಣಗಳು ಹೊತ್ತು ತಂದ ಸ್ಥಿತಿಗೂ ಮೊದಲೇ ಹೊಂದಾಣಿಕೆ ಆಗಿಲ್ಲ ಎಂದೂ ಊಹಿಸಿದೆವು. ಪ್ರತಿ ಅಳತೆಗೆ ಒಂದೇ ಒಂದು ಫಲಿತಾಂಶ ಬರುತ್ತದೆ ಎಂಬುದು ಎಷ್ಟು ಸಹಜ ಎಂದರೆ ಅದು ಊಹೆ ಎಂದೇ ತೋರುವುದಿಲ್ಲ, ಆದರೆ ಅದೂ ಊಹೆಯೇ. ಕಣಗಳಿಗೆ ಯಾವಾಗಲೂ ಖಚಿತ ಸ್ಥಾನ ಇದೆ ಎನ್ನುವ, ಬೋಮ್ 1952ರಲ್ಲಿ ಕೊಟ್ಟ ಸಿದ್ಧಾಂತ ಮೊದಲನೆಯದನ್ನು ಬಿಡುತ್ತದೆ. ಎಲ್ಲ ಫಲಿತಾಂಶಗಳೂ ಬೇರೆ ಬೇರೆ ಕವಲುಗಳಲ್ಲಿ ಆಗುತ್ತವೆ ಎನ್ನುವ 1957ರ ಎವರೆಟ್ ದಾರಿ ಕೊನೆಯದನ್ನು ಬಿಡುತ್ತದೆ. 1986ರಲ್ಲಿ ಗಿರಾರ್ಡಿ, ರಿಮಿನಿ, ವೆಬರ್ ಕ್ವಾಂಟಂ ಸ್ಥಿತಿ ಹೇಗೆ ಬದಲಾಗುತ್ತದೆ ಎಂದು ಹೇಳುವ ಶ್ರೋಡಿಂಗರ್ ಸಮೀಕರಣವನ್ನೇ ತಿದ್ದಿದರು. ಆದರೂ ಸ್ಥಳೀಯತೆ, ಅಂದರೆ ಮೊದಲನೇ ಊಹೆ, ಅವರಿಗೂ ಉಳಿಯಲಿಲ್ಲ. ‘ಬೆಲ್ ವಾಸ್ತವವಾದವನ್ನು ಸುಳ್ಳು ಮಾಡಿದ’ (ಅಳೆಯುವ ಮೊದಲೇ ಗುಣಗಳು ಇರುತ್ತವೆ ಎಂಬುದನ್ನು) ಎಂಬ ಒಂದು ಸಾಲಿನ ತೀರ್ಪು ಬರೆದರೆ ಈ ಪತ್ರಿಕೆಯಲ್ಲಿ ಒಳ್ಳೆಯ ಅಂಕ ಬರುವುದಿಲ್ಲ. ಯಾವ ಊಹೆ, ಅದನ್ನು ಬಿಟ್ಟರೆ ತೆರಬೇಕಾದ ಬೆಲೆ ಏನು ಎಂದು ಬಿಡಿಸಿ ಹೇಳಿದವರಿಗೆ ಬರುತ್ತದೆ.

1969ರ ಆ ನಾಲ್ವರಲ್ಲಿ ಅಬ್ನರ್ ಶಿಮೊನಿ ಈ ಓದಿಗೆ ತಕ್ಕ ಉದಾಹರಣೆ. ತತ್ತ್ವಶಾಸ್ತ್ರದಲ್ಲಿ ಯೇಲ್‌ನಿಂದ ಒಂದು ಪಿಎಚ್.ಡಿ., ಭೌತಶಾಸ್ತ್ರದಲ್ಲಿ ಪ್ರಿನ್ಸ್‌ಟನ್‌ನಿಂದ ಇನ್ನೊಂದು. ಮಿತಿಯನ್ನು ಪ್ರಯೋಗಶಾಲೆಯಲ್ಲಿ ಅಳೆಯಬಲ್ಲ ರೂಪಕ್ಕೆ ತಂದ ಪ್ರಬಂಧದಲ್ಲಿ ಅಂಥವರ ಹೆಸರಿರುವುದು ಕಾಕತಾಳೀಯ ಅನ್ನಿಸುವುದಿಲ್ಲ.

ಉಷ್ಣ ಭೌತಶಾಸ್ತ್ರದ ಭಾಗಕ್ಕೆ ಬಹಳಷ್ಟು ಕಡೆ ಅದಕ್ಕೆ ಸಲ್ಲಬೇಕಾದ ಜಾಗ ಕೊಟ್ಟಿಲ್ಲ. ಇದು ಈ ಪದವಿಗಳ ನಿಜವಾದ ಕೊರತೆ. ಸಾಪೇಕ್ಷತೆ, ಕ್ವಾಂಟಂ ಎರಡಕ್ಕೂ ಪ್ರತ್ಯೇಕ ತತ್ತ್ವಶಾಸ್ತ್ರದ ಪಾಠ ಇರುತ್ತದೆ, ಎಂಟ್ರೋಪಿಗೆ (ಅಣುಗಳ ಅಸ್ತವ್ಯಸ್ತತೆಯ ಅಳತೆಗೆ) ಕೊನೇ ವರ್ಷದ ಐಚ್ಛಿಕ ಮೂಲೆ. ನೋಡಿ, ಕೆಲಸ ಎಷ್ಟು ಹತ್ತಿರದಲ್ಲಿದೆ ಅಂತ. ಡಬ್ಬಿಯಲ್ಲಿ 10 ಅಣುಗಳಿದ್ದರೆ ಎಲ್ಲವೂ ಎಡ ಅರ್ಧದಲ್ಲಿರುವ ಸಂಭವ 1024ಕ್ಕೆ 1. 100 ಅಣುಗಳಿದ್ದರೆ ದಶಮಾಂಶ ಬಿಂದುವಿನ ನಂತರ 30 ಸೊನ್ನೆ ದಾಟಿ ಮೊದಲ ಅಂಕಿ ಸಿಗುತ್ತದೆ. ಅನಿಲ ಹರಡುವುದೇ ಏಕೆ ಎಂಬುದಕ್ಕೆ ಇದು ಉತ್ತರ ಎಂದು ಎಲ್ಲರೂ ಬರೆಯುತ್ತಾರೆ. ಈಗ ಒಂದು ಲೋಟ ನೀರು, ಅದರಲ್ಲಿ ಅರ್ಧ ಕರಗಿದ ಐಸ್ ತುಂಡು, ಹೊರಗಿನ ಸಂಪರ್ಕ ಇಲ್ಲ. ಹತ್ತು ನಿಮಿಷದ ನಂತರ ಇನ್ನಷ್ಟು ಕರಗಿರುತ್ತದೆ ಎನ್ನುತ್ತದೆ ಲೆಕ್ಕ. ಸರಿ. ಆದರೆ ಅಣುಗಳ ಚಲನೆಯ ನಿಯಮಗಳು ಕಾಲವನ್ನು ಹಿಂದುಮುಂದು ಮಾಡಿದರೂ ಹಾಗೇ ಇರುತ್ತವೆ. ಅದೇ ಲೆಕ್ಕವನ್ನು ಹಿಂದಕ್ಕೆ ಹಾಕಿದರೆ ಹತ್ತು ನಿಮಿಷದ ಹಿಂದೆಯೂ ಐಸ್ ಇನ್ನಷ್ಟು ಕರಗಿತ್ತು, ಆಮೇಲೆ ತಾನಾಗಿ ಗಟ್ಟಿಯಾಯಿತು ಎಂದು ಬರುತ್ತದೆ. ಇದು ಸುಳ್ಳು. ಎಣಿಕೆಯಲ್ಲಿ ತಪ್ಪಿಲ್ಲ, ಎಣಿಕೆ ಸಾಲದು. ವಿಶ್ವ ಶುರುವಾದದ್ದೇ ಅತಿ ಕಡಿಮೆ ಎಂಟ್ರೋಪಿಯಲ್ಲಿ ಎಂಬ ಒಂದು ಮಾತನ್ನು ಹೊರಗಿನಿಂದ ತಂದು ಸೇರಿಸಬೇಕಾಗುತ್ತದೆ. ಆ ಮಾತು ನಿಯಮವೋ, ಬರೀ ಸಂಗತಿಯೋ, ಅದಕ್ಕೇ ಇನ್ನೊಂದು ವಿವರಣೆ ಬೇಕೋ? ಬೋಲ್ಟ್ಸ್‌ಮನ್ 1872ರಲ್ಲಿ ಎಂಟ್ರೋಪಿ ಏರುತ್ತದೆ ಎಂದು ಸಾಧಿಸಲು ಹೊರಟಾಗ ಇದೇ ಕಾಲದ ಹಿಂದುಮುಂದಿನ ಆಕ್ಷೇಪವನ್ನು 1876ರಲ್ಲಿ ಎತ್ತಿದವನು ಲೋಷ್ಮಿಟ್. ಭೌತಶಾಸ್ತ್ರದ ಪಾಠದಲ್ಲಿ ಉಷ್ಣಬಲವಿಜ್ಞಾನದ ಎರಡನೇ ನಿಯಮ (ಎಂಟ್ರೋಪಿ ಇಳಿಯುವುದಿಲ್ಲ ಎಂಬುದು) ಕಲಿಯುವ ಅವಧಿಯಲ್ಲೇ ಇದು ಬಂದರೆ ಎರಡೂ ಮನಸ್ಸಿನಲ್ಲಿ ನಿಲ್ಲುತ್ತವೆ. ವರ್ಷ ಬಿಟ್ಟು ಬಂದರೆ ಲೆಕ್ಕ ಮರೆತಿರುತ್ತದೆ.

ಸಾಪೇಕ್ಷತೆಯ ಭಾಗ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ, ಹೆಚ್ಚು ಹೇಳಬೇಕಿಲ್ಲ. ಒಂದು ಅಂಕಿ ಸಾಕು: ಸೆಕೆಂಡಿಗೆ ಒಂದು ಮೀಟರಿನಂತೆ ನಡೆಯುವವರಿಗೂ ನಿಂತಿರುವವರಿಗೂ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮಿಡಾದಲ್ಲಿ ‘ಈಗ’ ಎಂಬುದು ಮೂರು ದಿನದಷ್ಟು ಬೇರೆ. ಇದನ್ನು ಲಾರೆಂಟ್ಸ್ ರೂಪಾಂತರದಿಂದ (ಒಬ್ಬರ ಕಾಲ–ದೂರದ ಅಳತೆಯಿಂದ ಚಲಿಸುವ ಇನ್ನೊಬ್ಬರದನ್ನು ತೆಗೆಯುವ ಸೂತ್ರದಿಂದ) ನೀವೇ ತೆಗೆದು, ಭವಿಷ್ಯ ಆಗಲೇ ಇದೆಯೇ ಎಂಬ ವಾದಕ್ಕೆ ಅದು ನಿಜವಾಗಿ ಆಧಾರವೇ ಎಂದು ಕೇಳುವ ಪಾಠ ಇದ್ದರೆ ಒಳ್ಳೆಯದು.

ಇನ್ನು ವಾರದ ದುಡಿಮೆ. ಸೇರುವ ಮೊದಲು ಅಂದಾಜು ಸಿಗದೆ ಹೋಗುವುದು ಇದೇ. ಭೌತಶಾಸ್ತ್ರದ ಕೆಲಸ ಪ್ರಾಬ್ಲಂ ಶೀಟ್: ಎಂಟು–ಹತ್ತು ಪ್ರಶ್ನೆ, ಗಡುವು ಖಚಿತ, ಬಿಡಿಸಿದ್ದು ಸರಿಯೋ ತಪ್ಪೋ ತಕ್ಷಣ ಗೊತ್ತಾಗುತ್ತದೆ. ತತ್ತ್ವಶಾಸ್ತ್ರದ ಕೆಲಸ ಮೂರು–ನಾಲ್ಕು ಲೇಖನ ಓದಿ ಒಂದೂವರೆ–ಎರಡು ಸಾವಿರ ಪದಗಳ ಪ್ರಬಂಧ. ಯಾವಾಗ ಮುಗಿಯಿತು ಎಂಬುದಕ್ಕೆ ಗುರುತೇ ಇಲ್ಲ. ಎರಡೂ ಒಂದೇ ವಾರ ಬಂದರೆ ಶೀಟ್ ಗೆಲ್ಲುತ್ತದೆ. ಪ್ರಬಂಧಕ್ಕೆ ಉಳಿಯುವುದು ಗಡುವಿನ ಹಿಂದಿನ ರಾತ್ರಿ. ಇದು ಸೋಮಾರಿತನವಲ್ಲ, ಉತ್ತರ ಸಿಗುವ ಕೆಲಸದ ಕಡೆಗೆ ಮನಸ್ಸು ತಾನಾಗಿ ವಾಲುತ್ತದೆ. ಪರಿಹಾರ ಕ್ರಮದಲ್ಲಿದೆ. ಓದುವ ಲೇಖನಗಳನ್ನು ವಾರದ ಮೊದಲೆರಡು ದಿನಗಳಲ್ಲೇ, ಶೀಟ್ ಮುಟ್ಟುವ ಮುಂಚೆ ಮುಗಿಸಬೇಕು. ಆಮೇಲೆ ಶೀಟ್ ಬಿಡಿಸುತ್ತಿರುವಾಗ ವಾದ ತಲೆಯೊಳಗೆ ನೆನೆಯುತ್ತಿರುತ್ತದೆ. ಹಿಟ್ಟು ನಾದಿಟ್ಟು ಬೇರೆ ಕೆಲಸಕ್ಕೆ ಹೋದ ಹಾಗೆ. ಬರೆಯಲು ಕೂತಾಗ ಹದ ಬಂದಿರುತ್ತದೆ.

ಓದುವ ವೇಗದ್ದೂ ಒಂದು ತೊಡಕು. ಭೌತಶಾಸ್ತ್ರದ ಪಠ್ಯದಲ್ಲಿ ಸಮೀಕರಣಗಳ ನಡುವಿನ ಗದ್ಯವನ್ನು ಹಾರಿಸಿ ಓದಿ ಅಭ್ಯಾಸವಾಗಿರುತ್ತದೆ. ತತ್ತ್ವಶಾಸ್ತ್ರದ ಲೇಖನದಲ್ಲಿ ಸಮೀಕರಣ ಇರುವುದೇ ಆ ಗದ್ಯದಲ್ಲಿ. ಇಪ್ಪತ್ತು ಪುಟದ ಲೇಖನಕ್ಕೆ ಮೂರು ಗಂಟೆ ಇಡಿ. ಮೊದಲ ಸಲ ತೀರ್ಮಾನ ಯಾವುದೆಂದು ಮಾತ್ರ ಹುಡುಕಿ, ಅದನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. ಎರಡನೇ ಸಲ ಆ ತೀರ್ಮಾನಕ್ಕೆ ಏರುವ ಮೆಟ್ಟಿಲುಗಳಿಗೆ ಅಂಕಿ ಹಾಕಿ. ಮೂರನೇ ಸಲ ಅದರಲ್ಲಿ ಅತ್ಯಂತ ಸಡಿಲವಾದ ಮೆಟ್ಟಿಲು ಯಾವುದು ಎಂದು ನೋಡಿ. ನಿಮ್ಮ ಪ್ರಬಂಧ ಇರಬೇಕಾದ್ದು ಆ ಮೆಟ್ಟಿಲ ಮೇಲೆ. ಒಂದು ಪ್ರಬಂಧದಲ್ಲಿ ಒಂದೇ ಆಕ್ಷೇಪ, ಅದಕ್ಕೆ ಎದುರಾಳಿಯ ಅತ್ಯುತ್ತಮ ಉತ್ತರ, ಆ ಉತ್ತರಕ್ಕೆ ನಿಮ್ಮ ಮಾತು. ಇಷ್ಟೇ ಇದ್ದರೂ ಎರಡು ಸಾವಿರ ಪದ ಸಾಲುವುದಿಲ್ಲ.

ಭೌತಶಾಸ್ತ್ರದವರ ಪ್ರಬಂಧಗಳಲ್ಲಿ ಮತ್ತೆಮತ್ತೆ ಕಾಣುವ ದೋಷ ಇನ್ನೊಂದಿದೆ. ಮೊದಲ ಒಂದೂವರೆ ಪುಟ ಸಿದ್ಧಾಂತದ ವಿವರಣೆ, ಹಿಲ್ಬರ್ಟ್ ಆಕಾಶದ (ಕ್ವಾಂಟಂ ಸ್ಥಿತಿಗಳನ್ನು ಬರೆಯುವ ಗಣಿತದ ನೆಲೆಯ) ವ್ಯಾಖ್ಯೆ, ಎರಡು ಸೂತ್ರಗಳ ಸಾಧನೆ. ಪ್ರಶ್ನೆಗೆ ಉತ್ತರ ಕೊನೆಯ ನಾಲ್ಕು ಸಾಲು. ತಮಗೆ ಗೊತ್ತಿರುವುದನ್ನು ತೋರಿಸುವ ಆಸೆ ಸಹಜವಾದದ್ದು, ಆದರೆ ಅಂಕ ಇರುವುದು ವಾದಕ್ಕೆ. ಗಣಿತವನ್ನು ಬಳಸಿ, ವಾದದ ಯಾವುದಾದರೂ ಮೆಟ್ಟಿಲು ಅದರ ಮೇಲೆ ನಿಂತಿದ್ದರೆ ಮಾತ್ರ. ಉಲ್ಟಾ ದೋಷವೂ ಇದೆ: ತತ್ತ್ವಶಾಸ್ತ್ರದ ರುಚಿ ಹತ್ತಿದವರು ಪ್ರಾಬ್ಲಂ ಶೀಟ್‌ನಲ್ಲಿ ಊಹೆಗಳನ್ನು ಪ್ರಶ್ನಿಸುತ್ತ ಕೂತು ಲೆಕ್ಕವನ್ನು ಅರ್ಧಕ್ಕೇ ಬಿಡುತ್ತಾರೆ. ಘರ್ಷಣೆ ಇಲ್ಲದ ಮೇಲ್ಮೈ ಇರುತ್ತದೆಯೇ ಎಂದು ಕೇಳುವ ಜಾಗ ಅದಲ್ಲ. ಯಾವ ಮೇಜಿನ ಮುಂದೆ ಕೂತಿದ್ದೀರಿ ಎಂಬ ಎಚ್ಚರ ಈ ಪದವಿಗೆ ಬೇಕೇ ಬೇಕು, ಅದು ಬರಲು ಒಂದು ವರ್ಷವಾದರೂ ಹಿಡಿಯುತ್ತದೆ.

ಪರೀಕ್ಷೆಯಲ್ಲಿ ಎರಡರ ಗುಣವೂ ಬೇರೆ. ಭೌತಶಾಸ್ತ್ರದಲ್ಲಿ ಪೂರ್ತಿ ಸರಿ ಬರೆದರೆ ಪೂರ್ತಿ ಅಂಕ. ಮೂರು ಗಂಟೆಯಲ್ಲಿ ಒಂದು ಪ್ರಶ್ನೆ ಕೈಕೊಟ್ಟರೆ ಇಳಿತವೂ ಜೋರು. ತತ್ತ್ವಶಾಸ್ತ್ರದಲ್ಲಿ ಅಂಕಗಳು ನಡುವೆ ಗುಂಪುಗೂಡುತ್ತವೆ. ತೀರ ಕೆಳಗೂ ಬೀಳುವುದಿಲ್ಲ, ತೀರ ಮೇಲೂ ಏರುವುದಿಲ್ಲ. ಒಟ್ಟು ಅಂಕದ ಲೆಕ್ಕದಲ್ಲಿ ಇದರ ಅರ್ಥ ಏನೆಂದರೆ, ನಿಮ್ಮ ದರ್ಜೆಯನ್ನು ಎತ್ತುವುದೂ ಇಳಿಸುವುದೂ ಹೆಚ್ಚಾಗಿ ಭೌತಶಾಸ್ತ್ರದ ಪತ್ರಿಕೆಗಳೇ. ಪರೀಕ್ಷೆಗೆ ಆರು ವಾರ ಇರುವಾಗ ದಿನ ಹಂಚಿಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ತತ್ತ್ವಶಾಸ್ತ್ರಕ್ಕೆ ಹಳೆಯ ಪ್ರಬಂಧಗಳನ್ನು ಬಾಯಿಪಾಠ ಮಾಡುವುದು ದಂಡ. ಪ್ರತಿ ವಿಷಯಕ್ಕೂ ಅರ್ಧ ಪುಟದಲ್ಲಿ ವಾದ, ಆಕ್ಷೇಪ, ಉತ್ತರ ಇಷ್ಟನ್ನು ಬರೆದಿಟ್ಟುಕೊಂಡು, ಹೊಸ ಹೊಸ ಪ್ರಶ್ನೆಗಳಿಗೆ ಅದನ್ನು ಒಗ್ಗಿಸಿ ಬರೆಯುವ ಅಭ್ಯಾಸ ಮಾಡಬೇಕು.

ಆಡಳಿತದ ಕಡೆಯಿಂದ ಬರುವ ಕಿರಿಕಿರಿಗಳನ್ನೂ ಹೇಳಲೇಬೇಕು. ಎರಡು ವಿಭಾಗ ಅಂದರೆ ಎರಡು ವೇಳಾಪಟ್ಟಿ. ಕೊನೆಯ ವರ್ಷದ ಐಚ್ಛಿಕ ಪತ್ರಿಕೆಗಳು ಒಂದರ ಮೇಲೊಂದು ಬೀಳುವುದು ಅಪರೂಪವಲ್ಲ. ಸಾಮಾನ್ಯ ಸಾಪೇಕ್ಷತೆ ಅಥವಾ ಕ್ವಾಂಟಂ ಕ್ಷೇತ್ರ ಸಿದ್ಧಾಂತ ತೆಗೆದುಕೊಳ್ಳುವ ಆಸೆಯಿದ್ದರೆ ಅದಕ್ಕೆ ಮೊದಲೇ ಓದಿರಬೇಕಾದ ಪತ್ರಿಕೆಗಳು ಯಾವುವು, ಅವು ಜಂಟಿ ಪದವಿಯವರಿಗೆ ಸಿಗುತ್ತವೆಯೇ ಎಂದು ಮೊದಲ ವರ್ಷವೇ ವಿಚಾರಿಸಿಕೊಳ್ಳಿ. ಮೂರನೇ ವರ್ಷ ಕೇಳಿದರೆ ಹೊತ್ತು ಮೀರಿರುತ್ತದೆ. ತತ್ತ್ವಶಾಸ್ತ್ರದವರು ಕ್ವಾಂಟಂ ಬಗ್ಗೆ ಪಾಠ ಮಾಡುವ ಹೊತ್ತಿಗೆ ಭೌತಶಾಸ್ತ್ರದ ಕ್ವಾಂಟಂ ಪಾಠ ಅಲ್ಲಿಗೆ ಬಂದಿರಬೇಕು. ಕ್ರಮ ಹಿಂದುಮುಂದಾದ ಕಡೆ ವಿದ್ಯಾರ್ಥಿಗಳು ಸ್ಪಿನ್‌ನ (ಕಣದ ಸ್ವಂತ ಕೋನೀಯ ಸಂವೇಗದ) ಎರಡು ಆಯಾಮದ ಗಣಿತವನ್ನು ರಜೆಯಲ್ಲಿ ತಾವೇ ಕಲಿಯಬೇಕಾಗುತ್ತದೆ. ಅದು ಅಸಾಧ್ಯವೇನಲ್ಲ, 2×2 ಮ್ಯಾಟ್ರಿಕ್ಸ್ ಬಿಡಿಸಬಲ್ಲವರಿಗೆ ಎರಡು ವಾರದ ಕೆಲಸ. ಆದರೆ ಅದನ್ನು ಮೊದಲೇ ಹೇಳುವ ಹೊಣೆ ವಿಭಾಗದ್ದು. ಕೊನೆಯ ವರ್ಷದ ಪ್ರೌಢಪ್ರಬಂಧಕ್ಕೆ ಮಾರ್ಗದರ್ಶಕರು ಯಾರು ಎಂಬುದೂ ಅಷ್ಟೇ ಮುಖ್ಯ. ಭೌತಶಾಸ್ತ್ರದ ತತ್ತ್ವಶಾಸ್ತ್ರದಲ್ಲಿ ಕೆಲಸ ಮಾಡುವ ಒಬ್ಬರೇ ಇದ್ದು, ಅವರು ಆ ವರ್ಷ ರಜೆಯಲ್ಲಿದ್ದರೆ ಪದವಿಯ ತಿರುಳೇ ಕೈತಪ್ಪುತ್ತದೆ. ಇಬ್ಬರಾದರೂ ಇರುವ ವಿಭಾಗವನ್ನು ಆರಿಸಿ.

ಲ್ಯಾಬ್ ಕಡಿತದ ಪರಿಣಾಮ ಪದವಿ ಮುಗಿದ ಮೇಲೆ ಕಾಣುತ್ತದೆ. ಪ್ರಾಯೋಗಿಕ ಭೌತಶಾಸ್ತ್ರದಲ್ಲಿ ಸಂಶೋಧನೆಗೆ ಹೋಗುವ ಗುರಿ ಇದ್ದರೆ ಈ ಪದವಿ ತಕ್ಕದ್ದಲ್ಲ, ಇದನ್ನು ನೇರವಾಗಿ ಹೇಳುವುದೇ ಮೇಲು. ಸೈದ್ಧಾಂತಿಕ ಭೌತಶಾಸ್ತ್ರಕ್ಕೆ ದಾರಿ ಇದೆ, ಆದರೆ ಐಚ್ಛಿಕಗಳನ್ನು ಆ ಕಡೆಗೇ ತುಂಬಿಕೊಂಡವರಿಗೆ ಮಾತ್ರ. ವಿಜ್ಞಾನದ ತತ್ತ್ವಶಾಸ್ತ್ರಕ್ಕೆ ಹೋಗುವವರಿಗೆ ಇದಕ್ಕಿಂತ ಗಟ್ಟಿ ಅಡಿಪಾಯ ಬೇರೆ ಇಲ್ಲ: ತತ್ತ್ವಜ್ಞಾನಿ ಕಾರ್ಲ್ ಪಾಪ್ಪರ್ 1946ರಲ್ಲಿ ಕಟ್ಟಿದ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ವಿಭಾಗವಿರಲಿ, ಪಿಟ್ಸ್‌ಬರ್ಗ್‌ನ ವಿಜ್ಞಾನ ಇತಿಹಾಸ–ತತ್ತ್ವಶಾಸ್ತ್ರ ವಿಭಾಗವಿರಲಿ, ನಿಜವಾದ ಭೌತಶಾಸ್ತ್ರ ಬಲ್ಲ ವಿದ್ಯಾರ್ಥಿಗೆ ಅಲ್ಲಿ ಬೆಲೆಯಿದೆ. ಸಾಫ್ಟ್‌ವೇರ್, ಕಾನೂನು, ಪತ್ರಿಕೋದ್ಯಮಕ್ಕೆ ಹೋಗುವವರಿಗೂ ಪದವಿ ಕೆಲಸಕ್ಕೆ ಬರುತ್ತದೆ. ಲೆಕ್ಕ ಮಾಡಲೂ ಬರುತ್ತದೆ, ಎರಡು ಪುಟ ಸ್ಪಷ್ಟವಾಗಿ ಬರೆಯಲೂ ಬರುತ್ತದೆ.

ಯಾರಿಗೆ ಹೊಂದುತ್ತದೆ ಎಂಬುದನ್ನು ಸೇರುವ ಮೊದಲೇ ಪರೀಕ್ಷಿಸಬಹುದು, ಒಂದು ವಾರಾಂತ್ಯ ಸಾಕು. ಮೇಲೆ ಕೊಟ್ಟ ಬೆಲ್ ಲೆಕ್ಕವನ್ನು ಕಾಗದದ ಮೇಲೆ ನೀವೇ ಮಾಡಿ. ಫೋಟಾನ್ ಜೋಡಿಯ ಹೊಂದಾಣಿಕೆ ಕೋನವ್ಯತ್ಯಾಸದ ಎರಡು ಪಟ್ಟಿನ ಕೊಸೈನ್ ಎಂದು ಇಟ್ಟುಕೊಂಡು ನಾಲ್ಕು ಸಂಖ್ಯೆಗಳನ್ನು ತೆಗೆಯಿರಿ, ಒಂದಕ್ಕೆ ಮಾತ್ರ ಋಣ ಚಿಹ್ನೆ ಬರುತ್ತದೆ, 2.83 ಬರುವವರೆಗೆ ಬಿಡಬೇಡಿ. ಆಮೇಲೆ ಮೂರು ಊಹೆಗಳಲ್ಲಿ ನೀವು ಯಾವುದನ್ನು ಬಿಡುತ್ತೀರಿ, ಏಕೆ ಎಂದು ಐನೂರು ಪದ ಬರೆಯಿರಿ, ಒಂದು ಆಕ್ಷೇಪವನ್ನೂ ಸೇರಿಸಿ. ಎರಡರಲ್ಲಿ ಒಂದು ಮಾತ್ರ ಖುಷಿ ಕೊಟ್ಟರೆ ಆ ಒಂದನ್ನೇ ಪೂರ್ತಿ ಓದಿ. ಲೆಕ್ಕ ಮುಗಿದ ಮೇಲೂ ಪೆನ್ನು ಕೆಳಗಿಡಲು ಮನಸ್ಸಾಗದಿದ್ದರೆ ಅರ್ಜಿ ಹಾಕಿ, ಹಾಕುವ ಮುಂಚೆ ಆ ವಿಭಾಗದ ಕಳೆದ ಮೂರು ವರ್ಷಗಳ ‘ಭೌತಶಾಸ್ತ್ರದ ತತ್ತ್ವಶಾಸ್ತ್ರ’ ಪ್ರಶ್ನೆಪತ್ರಿಕೆಗಳನ್ನು ಕೇಳಿ ತರಿಸಿಕೊಳ್ಳಿ. ಲೆಕ್ಕ ಮಾಡದೆಯೇ ಎಲ್ಲ ಪ್ರಶ್ನೆಗಳಿಗೂ ಉತ್ತರಿಸಲು ಆಗುತ್ತದೆ ಎಂದಾದರೆ ಬೇರೆ ವಿಶ್ವವಿದ್ಯಾಲಯ ನೋಡಿ.